ಮುಟ್ಟು ನಿಲ್ಲುವ ಮುಂಚಿನ ವರ್ಷಗಳ ಮೈಕೈ ನೋವು: ಎಲ್ಲಿಂದ ಶುರು ಮಾಡಬೇಕು?

ನಲವತ್ತೈದರ ಆಸುಪಾಸಿನ ಹೆಂಗಸರು ನಾಲ್ವರು ಒಂದೆಡೆ ಕುಳಿತರೆ ಸಾಕು, ನೋವಿನ ಮಾತು ಬಂದೇ ಬರುತ್ತದೆ. ಒಬ್ಬರಿಗೆ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿ ಚುಚ್ಚುತ್ತದೆ. ಇನ್ನೊಬ್ಬರಿಗೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಲು ಹೆಬ್ಬೆರಳು ಕೇಳುವುದಿಲ್ಲ. ಮತ್ತೊಬ್ಬರಿಗೆ ಜಡೆ ಹೆಣೆಯಲು ಕೈ ತಲೆಯ ಹಿಂದಕ್ಕೆ ಹೋಗುವುದಿಲ್ಲ. ಎಕ್ಸ್‌ರೇ ತೆಗೆಸಿದರೆ ಏನೂ ಕಾಣುವುದಿಲ್ಲ. ‘ವಯಸ್ಸಾಯಿತಲ್ಲ, ಇನ್ನೇನು’ ಎಂದು ಮನೆಯವರು ಮಾತು ಮುಗಿಸುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ನೋವಿಗೆ ಕಾರಣವಿದೆ, ಮಾಡಬಹುದಾದ ಕೆಲಸವೂ ಸಾಕಷ್ಟಿದೆ.

ನಾನು ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ವಯಸ್ಸು 48. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ, ಒಮ್ಮೆ ಎರಡು ತಿಂಗಳು ನಾಪತ್ತೆ. ದಿನವಿಡೀ ಮೈದಾನದಲ್ಲಿ ಇರುವವಳಿಗೂ ಮಂಡಿ, ಹೆಗಲು, ಬೆರಳುಗಳ ಬಿಗಿತ ಬಂದಿದೆ. ನಾನು ವೈದ್ಯಳಲ್ಲ. ಆದರೆ ಮೈಗೆ ಬಲ ತುಂಬಿಸುವುದು ನನ್ನ ಕಸುಬು. ಸಹೋದ್ಯೋಗಿಗಳಿಗೆ, ಅತ್ತಿಗೆಗೆ, ಶಾಲೆಯ ಬಿಸಿಯೂಟದ ಅಕ್ಕನಿಗೆ ಹೇಳಿಕೊಟ್ಟು, ನಾನೂ ಮಾಡುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಣವನ್ನು ಮೊದಲು ತಿಳಿದುಕೊಳ್ಳೋಣ. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದು ಋತುಬಂಧ. ನಮ್ಮ ದೇಶದಲ್ಲಿ ಅದರ ಸರಾಸರಿ ವಯಸ್ಸು 46–47. ಅದಕ್ಕೆ ಮುಂಚಿನ ಕೆಲವು ವರ್ಷಗಳನ್ನು ವೈದ್ಯರು ಪೆರಿಮೆನೋಪಾಸ್ ಎನ್ನುತ್ತಾರೆ. ಆ ಅವಧಿಯಲ್ಲಿ ಈಸ್ಟ್ರೋಜೆನ್ ಹಾರ್ಮೋನ್ ಏರಿಳಿಯುತ್ತಾ ಕೊನೆಗೆ ತಗ್ಗುತ್ತದೆ. ಈ ಹಾರ್ಮೋನಿನ ಕೆಲಸ ಗರ್ಭಕೋಶಕ್ಕೆ ಮಾತ್ರ ಸೀಮಿತವಲ್ಲ. ಮೂಳೆ, ಸ್ನಾಯು, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು, ಕೀಲಿನೊಳಗಿನ ಪೊರೆ, ಎಲ್ಲವೂ ಅದರ ಮಾತು ಕೇಳುತ್ತವೆ. ಅದು ತಗ್ಗಿದಾಗ ಉರಿಯೂತವನ್ನು ತಡೆಯುವ ಶಕ್ತಿ ಕುಗ್ಗುತ್ತದೆ, ಸ್ನಾಯು ಕರಗುವುದು ಹೆಚ್ಚುತ್ತದೆ, ಮೂಳೆ ತೆಳುವಾಗುತ್ತದೆ. ಇದು ಹೊಸ ಸಂಗತಿಯೂ ಅಲ್ಲ. 1925ರಲ್ಲೇ ಸೆಸಿಲ್ ಮತ್ತು ಆರ್ಚರ್ ಎಂಬ ಅಮೆರಿಕದ ಇಬ್ಬರು ವೈದ್ಯರು ಋತುಬಂಧದ ಕೀಲುನೋವಿನ ಬಗ್ಗೆ ಬರೆದಿದ್ದರು. 2024ರಲ್ಲಿ ಮೂಳೆ ಶಸ್ತ್ರವೈದ್ಯೆ ವೊಂಡಾ ರೈಟ್ ಮತ್ತು ಸಂಗಡಿಗರು ಈ ಲಕ್ಷಣಗಳನ್ನೆಲ್ಲ ಒಟ್ಟಾಗಿಸಿ ಅದಕ್ಕೊಂದು ಹೆಸರು ಕೊಟ್ಟರು. ಋತುಬಂಧದ ಹಾದಿಯಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಹೆಂಗಸರಿಗೆ ಇಂಥ ತೊಂದರೆ ಕಾಣಿಸುತ್ತದೆ ಎಂಬುದು ಅವರ ಬರಹದ ಮಾತು. ಅಂದಮೇಲೆ ನಿಮ್ಮ ನೋವು ನಿಮ್ಮ ಭ್ರಮೆಯಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ.

ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಎಲ್ಲ ನೋವನ್ನೂ ಮುಟ್ಟಿನ ತಲೆಗೆ ಕಟ್ಟುವುದು ಅಪಾಯ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದಿಡಿ. ಎದ್ದು ನಾಲ್ಕು ಹೆಜ್ಜೆ ಓಡಾಡಿ, ಬಿಸಿನೀರಲ್ಲಿ ಕೈ ಅದ್ದಿದ ಮೇಲೆ ಅರ್ಧ ಗಂಟೆಯೊಳಗೆ ಸಡಿಲವಾದರೆ ಗಾಬರಿ ಬೇಡ. ಒಂದು ಗಂಟೆಯಾದರೂ ಮುಷ್ಟಿ ಕಟ್ಟಲಾಗದಿದ್ದರೆ, ಎರಡೂ ಕೈಗಳ ಬೆರಳ ಬುಡದ ಗೆಣ್ಣುಗಳು ಊದಿ ಬೆಚ್ಚಗಿದ್ದರೆ, ಅದು ಸಂಧಿವಾತ ಇರಬಹುದು. ಸಂಧಿವಾತಕ್ಕೆ ಬೇಗ ಚಿಕಿತ್ಸೆ ಶುರುವಾದಷ್ಟೂ ಕೀಲು ಉಳಿಯುತ್ತದೆ, ಆದ್ದರಿಂದ ಎಣ್ಣೆ ಹಚ್ಚುತ್ತಾ ತಿಂಗಳು ಕಳೆಯಬೇಡಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಕೀಲು ಕೆಂಪಾಗಿ ಊದುವುದು, ಕೈಕಾಲಿನಲ್ಲಿ ಬಲ ಹೋಗುವುದು, ಇವೂ ತಕ್ಷಣ ವೈದ್ಯರಿಗೆ ತೋರಿಸಬೇಕಾದವು.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಹಿಂದಿನ ತಿಂಗಳುಗಳಲ್ಲಿ ಜ್ವರ ಬಂದಿತ್ತೇ? ಚಿಕೂನ್‌ಗುನ್ಯಾ ಬಿಟ್ಟುಹೋದ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. 2006ರಲ್ಲಿ ರಾಜ್ಯದಾದ್ಯಂತ ಅದು ಹಬ್ಬಿದಾಗ ಊರಿಗೆ ಊರೇ ಕುಂಟಿದ್ದು ಹಲವರಿಗೆ ನೆನಪಿರಬಹುದು.

ರಕ್ತ ಪರೀಕ್ಷೆಗೆ ಹೋದಾಗ ಥೈರಾಯ್ಡ್‌ನ ಟಿಎಸ್ಎಚ್, ಹಿಮೋಗ್ಲೋಬಿನ್, ಸಕ್ಕರೆ, ವಿಟಮಿನ್ ಡಿ, ಬಿ12 ಬೇಕೇ ಎಂದು ವೈದ್ಯರನ್ನು ಕೇಳಿ. ಥೈರಾಯ್ಡ್ ಮಂದವಾದರೂ ಸ್ನಾಯು ನೋಯುತ್ತದೆ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಕೆಲವರಿಗೆ ಅದರಿಂದಲೂ ಮೈ ನೋಯುವುದುಂಟು. ಈ ವಯಸ್ಸಿನಲ್ಲಿ ಅತಿಯಾಗಿ ರಕ್ತ ಹೋಗುವುದನ್ನು ‘ಹೋಗುವ ಕಾಲಕ್ಕೆ ಹೀಗೇ’ ಎಂದು ಸಹಿಸಿಕೊಳ್ಳುವವರು ತುಂಬಾ ಇದ್ದಾರೆ. ದಯವಿಟ್ಟು ಸಹಿಸಬೇಡಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಆಗ ಮೆಟ್ಟಿಲು ಹತ್ತಿದರೂ ತೊಡೆ ಸೋಲುತ್ತದೆ, ಯಾವ ವ್ಯಾಯಾಮವೂ ಕೈಹಿಡಿಯುವುದಿಲ್ಲ.

ವಿಶ್ರಾಂತಿಯಲ್ಲ, ಬಲ

ನೋವು ಬಂದ ಕೂಡಲೇ ನಮಗೆ ಸಿಗುವ ಸಲಹೆ ‘ಸ್ವಲ್ಪ ರೆಸ್ಟ್ ತಗೊಳ್ಳಿ’. ಬಿದ್ದು ಉಳುಕಿದ ಕಾಲಿಗೆ ಅದು ಸರಿ. ಆದರೆ ಈ ನೋವಿಗೆ ವಾರಗಟ್ಟಲೆ ವಿಶ್ರಾಂತಿ ಕೊಟ್ಟರೆ ಸ್ನಾಯು ಇನ್ನಷ್ಟು ಸೊರಗುತ್ತದೆ, ಕೀಲಿನ ಮೇಲಿನ ಹೊರೆ ಇನ್ನಷ್ಟು ಏರುತ್ತದೆ. ‘ಮನೆಕೆಲಸವೇ ವ್ಯಾಯಾಮವಲ್ಲವೇ ಮೇಡಂ?’ ಎಂದು ಕೇಳುವವರಿದ್ದಾರೆ. ಮನೆಕೆಲಸದಿಂದ ದಣಿವಾಗುತ್ತದೆ, ಆದರೆ ಬಲ ಬೆಳೆಯುವುದಿಲ್ಲ. ಅದೇ ಬಟ್ಟೆ, ಅದೇ ಬಕೆಟ್, ಅದೇ ಬಾಗುವಿಕೆ. ಸ್ನಾಯು ಬೆಳೆಯಬೇಕಾದರೆ ಹೊರೆ ಸ್ವಲ್ಪಸ್ವಲ್ಪವಾಗಿ ಏರಬೇಕು, ನಡುವೆ ಒಂದು ದಿನ ಬಿಡುವೂ ಸಿಗಬೇಕು. ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧಕ ವ್ಯಾಯಾಮ, ಜೊತೆಗೆ 150 ನಿಮಿಷದ ಚುರುಕು ನಡಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಸೋಮವಾರ, ಬುಧವಾರ, ಶುಕ್ರವಾರ ಎಂದು ಇಟ್ಟುಕೊಂಡಿದ್ದೇನೆ. ರಕ್ತದೊತ್ತಡ ಹಿಡಿತದಲ್ಲಿಲ್ಲದವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಜಿಮ್ ಬೇಡ. ಗಟ್ಟಿಯಾದ ಕುರ್ಚಿ, ಒಂದು ಗೋಡೆ, ನೀರಿನ ಬಾಟಲಿಗಳು ಸಾಕು.

ಮೊದಲನೆಯದು ಕುರ್ಚಿ ಬಸ್ಕಿ. ಇದೊಂದನ್ನೇ ಮಾಡುವುದಾದರೂ ಮಾಡಿ ಎನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಜಾರಬಾರದು. ಸೀರೆಯಾದರೆ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ. ಅಂಚಿನ ಕಡೆ ಕುಳಿತು, ಪಾದಗಳನ್ನು ಹೆಗಲಿನಷ್ಟು ಅಗಲಕ್ಕೆ ಊರಿ. ಎದೆ ತುಸು ಮುಂದೆ ಬಾಗಲಿ. ಉಸಿರು ಬಿಡುತ್ತಾ ಹಿಮ್ಮಡಿಯಿಂದ ನೆಲವನ್ನು ಒತ್ತಿ ಎದ್ದು ನಿಲ್ಲಿ. ಕುಳಿತುಕೊಳ್ಳುವುದು ಎದ್ದದ್ದಕ್ಕಿಂತ ನಿಧಾನವಾಗಿರಲಿ, ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುತ್ತಾ ಇಳಿಯಿರಿ. ನನ್ನ ಕಣ್ಣು ಸದಾ ಮಂಡಿಯ ಮೇಲಿರುತ್ತದೆ: ಏಳುವಾಗ ಎರಡೂ ಮಂಡಿ ಒಂದಕ್ಕೊಂದು ತಾಗುವಂತೆ ಒಳಗೆ ವಾಲಿದರೆ ತೊಡೆಯ ಹೊರಬದಿಯ, ಪೃಷ್ಠದ ಸ್ನಾಯುಗಳು ಸೋತಿವೆ ಎಂದರ್ಥ. ಮಂಡಿ ಕಾಲ್ಬೆರಳುಗಳ ನೇರಕ್ಕೇ ಸಾಗಲಿ. ಕೈ ಊರದೆ ಏಳಲಾಗದಿದ್ದರೆ ಕುರ್ಚಿಯ ಮೇಲೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿಕೊಳ್ಳಿ. ಎಂಟು ಸಲ, ಒಂದು ನಿಮಿಷ ವಿರಾಮ, ಮತ್ತೆ ಎಂಟು. ಹನ್ನೆರಡು ಸಲ ಹಗುರವೆನಿಸಿದ ದಿನ ಕಂಬಳಿ ತೆಗೆಯಿರಿ. ಆಮೇಲೆ ಎರಡು ಲೀಟರಿನ ನೀರಿನ ಬಾಟಲಿ ಎದೆಗೆ ಅಪ್ಪಿಕೊಳ್ಳಿ. ಅದೂ ಹಗುರವಾದರೆ ಐದು ಕಿಲೋ ಅಕ್ಕಿ ಚೀಲ. ನಮ್ಮ ಅತ್ತಿಗೆ ದಿಂಬು ಹಾಕಿದ ಕುರ್ಚಿಯಿಂದ ಶುರು ಮಾಡಿ ಈಗ ಅಕ್ಕಿ ಚೀಲಕ್ಕೆ ಬಂದಿದ್ದಾರೆ. ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಜಗ್ಗಬೇಕಾಗಿಲ್ಲ ಎಂದು ಹೇಳುವಾಗ ಅವರ ಮುಖ ನೋಡಬೇಕು.

ಎರಡನೆಯದು ಗೋಡೆ ದಂಡ. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಎದೆಯ ಎತ್ತರಕ್ಕೆ ಅಂಗೈ ಊರಿ, ಮೈಯನ್ನು ನೆಟ್ಟಗಿಟ್ಟು ಗೋಡೆಯತ್ತ ವಾಲಿ ಹಿಂದಕ್ಕೆ ತಳ್ಳಿ. ಮಣಿಕಟ್ಟು ನೋಯುವವರು ಮುಷ್ಟಿ ಕಟ್ಟಿ ಊರಬಹುದು. ಮೂರನೆಯದು, ಕಿಟಕಿಯ ಗಟ್ಟಿ ಸರಳಿಗೆ ಟವೆಲ್ ಸುತ್ತಿ, ಎರಡು ತುದಿ ಹಿಡಿದು, ತುಸು ಹಿಂದೆ ವಾಲಿ, ಮೊಣಕೈಗಳನ್ನು ಪಕ್ಕೆಗೆ ಎಳೆಯುವುದು. ಬೆನ್ನ ಮೇಲ್ಭಾಗಕ್ಕೆ ಇದು ಬೇಕೇ ಬೇಕು. ನಾಲ್ಕನೆಯದು ಸೇತುಬಂಧ: ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತಿ ಐದು ಎಣಿಸಿ ಇಳಿಸುವುದು. ಐದನೆಯದು ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು. ಹಾಲು ಉಕ್ಕುವುದನ್ನು ಕಾಯುವಾಗ ಮಾಡಿದರೂ ಆದೀತು.

ಎಷ್ಟು ನೋವು ಸಹಜ, ಎಷ್ಟು ಅತಿ? ಹತ್ತಕ್ಕೆ ಅಂಕ ಕೊಟ್ಟುಕೊಳ್ಳಿ. ಮಾಡುವಾಗ ಮೂರರ ಆಸುಪಾಸಿನಲ್ಲಿದ್ದು, ಮಾರನೆಯ ಬೆಳಿಗ್ಗೆ ಕೀಲು ಎಂದಿನ ಸ್ಥಿತಿಗೆ ಮರಳಿದ್ದರೆ ಮುಂದುವರಿಸಿ. ಮಾರನೆಯ ದಿನ ಕೀಲು ಊದಿದರೆ, ನೋವು ಏರಿದರೆ, ಮುಂದಿನ ಸಲ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಹೊಸದಾಗಿ ಶುರು ಮಾಡಿದಾಗ ಎರಡು ದಿನ ತೊಡೆಯ ಮಾಂಸಖಂಡ ಹಿಡಿದುಕೊಳ್ಳುವುದು ಬೇರೆ ಮಾತು. ಕ್ರೀಡಾಕೂಟದ ಅಭ್ಯಾಸ ಶುರುವಾದ ವಾರ ಮಕ್ಕಳೂ ಹೀಗೇ ಕುಂಟುತ್ತಾರೆ, ಅದು ತಾನಾಗಿ ಹೋಗುತ್ತದೆ. ನೋವಿಲ್ಲದೆ ಮಂಡಿ ಕಟಕಟ ಎಂದರೆ ಅದಕ್ಕೂ ಹೆದರಬೇಕಿಲ್ಲ.

ನಡಿಗೆಯ ವಿಚಾರದಲ್ಲಿ ನಮ್ಮ ಮಲೆನಾಡಿಗೊಂದು ಕಷ್ಟವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡಲಾಗದ ಮಳೆ. ಆಗ ಜಗಲಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ಲೆಕ್ಕಕ್ಕೆ ಸಿಗುತ್ತದೆ.

ಹೆಗಲು, ಬೆರಳು, ಹಿಮ್ಮಡಿ

ಹೆಗಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಫ್ರೋಜನ್ ಶೋಲ್ಡರ್ 40ರಿಂದ 60ರ ನಡುವೆ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇನ್ನೂ ಹೆಚ್ಚು. ಮೊದಲು ರಾತ್ರಿ ಆ ಮಗ್ಗುಲಿಗೆ ಮಲಗಲಾಗದ ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲ. ಇಡೀ ಸುತ್ತು ಒಂದರಿಂದ ಮೂರು ವರ್ಷ ಹಿಡಿಯಬಹುದು. ಗುರುತಿಸುವುದು ಹೀಗೆ: ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಒಂದು ಕೈ ಇನ್ನೊಂದರ ಅರ್ಧದಷ್ಟೂ ತಿರುಗದಿದ್ದರೆ, ಬೇರೆಯವರು ಮೆಲ್ಲಗೆ ತಿರುಗಿಸಿದರೂ ಹೋಗದಿದ್ದರೆ, ಮೂಳೆ ವೈದ್ಯರನ್ನು ಕಾಣಿ. ನೋವಿನ ಹಂತದಲ್ಲಿ ಜಗ್ಗಿ ತಿರುಚಿ ‘ಸರಿ ಮಾಡುವ’ ನಾಟಿ ಮಾಲೀಸು ಖಂಡಿತ ಬೇಡ. ಆ ಹಂತದಲ್ಲಿ ಒಳ್ಳೆಯದು ಲೋಲಕದ ವ್ಯಾಯಾಮ: ಸರಿಯಿರುವ ಕೈಯನ್ನು ಮೇಜಿಗೆ ಊರಿ, ಬಾಗಿ, ನೋಯುವ ಕೈಯನ್ನು ಜೋತು ಬಿಟ್ಟು ಚಿಕ್ಕ ಚಿಕ್ಕ ಸುತ್ತು. ನಮ್ಮ ಬಿಸಿಯೂಟದ ಅಕ್ಕನಿಗೆ ಎಡಹೆಗಲು ಹಿಡಿದಾಗ ಅನ್ನದ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸುವ ಕೆಲಸಕ್ಕೆ ಇಬ್ಬರು ಬೇಕೆಂದು ಮುಖ್ಯೋಪಾಧ್ಯಾಯರಿಗೆ ಹೇಳಿ ವ್ಯವಸ್ಥೆ ಮಾಡಿಸಿದೆವು. ಕೆಲಸದ ಜಾಗದಲ್ಲಿ ಇಷ್ಟು ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ.

ಬೆರಳು, ಮಣಿಕಟ್ಟಿಗೆ ನಮ್ಮಲ್ಲಿ ಅಡಿಕೆ ಸುಗ್ಗಿಯೇ ಪರೀಕ್ಷೆಯ ಕಾಲ. ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವಾಗ ಹೆಬ್ಬೆರಳಿನ ಬುಡ ಮತ್ತೆ ಮತ್ತೆ ತಿರುಚುತ್ತದೆ. ಸುಲಿದದ್ದು ಡಬ್ಬದ ಲೆಕ್ಕದಲ್ಲಿ ದುಡ್ಡಾಗುವುದರಿಂದ ಯಾರೂ ಕೈ ನಿಲ್ಲಿಸುವುದಿಲ್ಲ. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಎದ್ದು, ಬೆರಳುಗಳನ್ನು ಅಗಲಿಸಿ ಮುಚ್ಚಿ, ಮಣಿಕಟ್ಟನ್ನು ಸುತ್ತಿಸಿ ಮತ್ತೆ ಕುಳಿತುಕೊಳ್ಳಿ. ಮುಷ್ಟಿಯೊಳಗೆ ಹೆಬ್ಬೆರಳು ಮಡಚಿ ಕೈಯನ್ನು ಕಿರುಬೆರಳಿನ ಕಡೆ ಬಾಗಿಸಿದಾಗ ಮಣಿಕಟ್ಟಿನ ಬದಿ ಚುರ್ ಎಂದರೆ ಅಲ್ಲಿನ ಸ್ನಾಯುರಜ್ಜು ಊದಿರಬಹುದು. ಹೆಬ್ಬೆರಳಿಗೆ ಆಸರೆ ಕೊಡುವ ಪಟ್ಟಿ ಕೆಲವು ವಾರ ಬೇಕಾಗುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗೆ ಜೋಮು ಹಿಡಿದು ಎಚ್ಚರವಾದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿದ್ದರ ಗುರುತು, ವೈದ್ಯರಿಗೆ ಹೇಳಿ. ಮನೆಯಲ್ಲಿ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಂಡುವ ಬದಲು ನಲ್ಲಿಗೆ ಸುತ್ತಿ ಎರಡೂ ಕೈಯಿಂದ ತಿರುಚಿ, ಭಾರದ ಬಾಣಲೆ ಎರಡು ಕೈಯಲ್ಲಿ ಎತ್ತಿ, ಕಾಯಿ ತುರಿಯುವುದನ್ನು ಮನೆಯ ಗಂಡಸರಿಗೋ ಮಕ್ಕಳಿಗೋ ಒಪ್ಪಿಸಿ.

ಹಿಮ್ಮಡಿಗೆ ಮಾಡಬೇಕಾದದ್ದು ಕಡಿಮೆ. ಹಾಸಿಗೆಯ ಮೇಲೆ ಕುಳಿತಂತೆಯೇ ಕಾಲ್ಬೆರಳುಗಳನ್ನು ಕೈಯಿಂದ ನಿಮ್ಮತ್ತ ಎಳೆದು ಅಂಗಾಲನ್ನು ಹಿಗ್ಗಿಸಿ, ಆಮೇಲೆ ಹೆಜ್ಜೆ ಇಡಿ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲಬೇಡಿ; ಮನೆಯೊಳಗೇ ಹಾಕಿಕೊಳ್ಳಲು ಮೆತ್ತನೆಯ ಚಪ್ಪಲಿ ಇರಲಿ.

ಎಣ್ಣೆ, ಶಾಖ, ನಿದ್ದೆ, ಊಟ

ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಬೆಚ್ಚಗೆ ಮಾಡಿ ಹಚ್ಚಿ ಬಿಸಿನೀರಿನ ಸ್ನಾನ ಮಾಡುವ ಸುಖವನ್ನು ನಾನು ಬಿಟ್ಟಿಲ್ಲ. ಬಿಗಿತಕ್ಕೆ ಶಾಖ ಒಳ್ಳೆಯದು. ವ್ಯಾಯಾಮಕ್ಕೆ ಮುಂಚೆ ಶಾಖ ಕೊಟ್ಟರೆ ಕೀಲು ಸುಲಭವಾಗಿ ಬಾಗುತ್ತದೆ. ಊದಿ ಬಿಸಿಯಾದ ಕೀಲಿಗೆ ಮಾತ್ರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹತ್ತು ಹದಿನೈದು ನಿಮಿಷ.

ನಿದ್ದೆಗೆಟ್ಟ ಮಾರನೆಯ ದಿನ ಅದೇ ನೋವು ದುಪ್ಪಟ್ಟು ಅನಿಸುತ್ತದೆ. ರಾತ್ರಿ ಮೈ ಬಿಸಿಯೇರಿ ಬೆವರಿ ಎಚ್ಚರವಾಗುತ್ತಿದ್ದರೆ ಅದನ್ನೂ ಸ್ತ್ರೀರೋಗ ತಜ್ಞರಿಗೆ ಹೇಳಿ, ಏಕೆಂದರೆ ಅದಕ್ಕೆ ಚಿಕಿತ್ಸೆ ಸಿಕ್ಕರೆ ನೋವೂ ತಗ್ಗಬಹುದು. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಿ.

ಊಟದಲ್ಲಿ ನಾವು ಸೋಲುವುದು ಪ್ರೋಟೀನಿನಲ್ಲಿ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ತಿಳಿಸಾರಿನಲ್ಲಿ ಅನ್ನ ಕಲಸಿ ಉಣ್ಣುವ ಅಭ್ಯಾಸ ನಿಲ್ಲಬೇಕು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಒಂದು ಗ್ರಾಂನಷ್ಟು ಪ್ರೋಟೀನ್ ಗುರಿ ಇಟ್ಟುಕೊಳ್ಳಿ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊಳಕೆ ಹೆಸರುಕಾಳು, ಹುರುಳಿಕಾಳಿನ ಉಸಲಿ, ಶೇಂಗಾ, ಮೊಸರು, ಮೀನು, ನಿಮ್ಮ ಮನೆಯ ರೂಢಿಗೆ ಒಪ್ಪುವುದನ್ನು ಬೆಳಗಿನ ತಿಂಡಿಯಿಂದಲೇ ಸೇರಿಸಿ. ಬರೀ ಉಪ್ಪಿಟ್ಟು ಸಾಲದು. ಕ್ಯಾಲ್ಸಿಯಂ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಮೇಲೆ 1,200 ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಮಲೆನಾಡಿನ ಮನೆಗಳಲ್ಲಿ ಅನ್ನದ ಮುಂದೆ ರಾಗಿಗೆ ಜಾಗ ಕಡಿಮೆ. ಬೆಳಗಿನ ಗಂಜಿಯಾಗಿಯಾದರೂ ಅದು ಒಳಗೆ ಬರಲಿ. ಕೊಲಾಜೆನ್ ಪುಡಿ, ಗ್ಲುಕೋಸಮೈನ್ ಡಬ್ಬಿಗಳಿಗೆ ಸಾವಿರಾರು ರೂಪಾಯಿ ಸುರಿಯುವುದಕ್ಕಿಂತ ಆ ಹಣ ಮೊಟ್ಟೆಗೂ ಕಾಳಿಗೂ ಹೋಗಲಿ ಎಂಬುದು ನನ್ನ ಅಭಿಪ್ರಾಯ.

ವಿಟಮಿನ್ ಡಿ ಕೊರತೆ ಇದ್ದರೆ ವಾರಕ್ಕೊಂದು 60,000 ಯೂನಿಟ್ಟಿನ ಗುಳಿಗೆಯನ್ನು ವೈದ್ಯರು ಕೆಲವು ವಾರಗಳಿಗೆ ಬರೆಯುತ್ತಾರೆ. ಹೇಳಿದಷ್ಟು ವಾರ ಮಾತ್ರ. ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

ಮಾತ್ರೆಗಳು, ಹಾರ್ಮೋನ್ ಚಿಕಿತ್ಸೆ

ಮಂಡಿಗೆ, ಬೆರಳಿಗೆ ಮೊದಲು ಡೈಕ್ಲೋಫೆನಾಕ್ ಮುಲಾಮು ಹಚ್ಚಿ ನೋಡುವುದು ಮಾತ್ರೆ ನುಂಗುವುದಕ್ಕಿಂತ ಮೇಲು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ದಿನವೂ ತಂದು ತಿನ್ನುವುದರಿಂದ ಹೊಟ್ಟೆಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಬರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿ, ಗುಳಿಗೆ ಎರಡೇ ದಿನದಲ್ಲಿ ನೋವೆಲ್ಲ ಮಾಯ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಭವವಿದೆ. ಅದು ಮೂಳೆಯನ್ನೇ ತಿನ್ನುತ್ತದೆ.

ಹಾರ್ಮೋನ್ ಚಿಕಿತ್ಸೆಯ ಹೆಸರೆತ್ತಿದರೆ ಕ್ಯಾನ್ಸರ್ ಎಂದು ಹೆದರುವವರೇ ಹೆಚ್ಚು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಹೊರಬಂದ ಮೇಲೆ ಈ ಭಯ ಎಲ್ಲೆಡೆ ಹಬ್ಬಿತು. ಆ ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದ ಮೇಲೆ ತಜ್ಞರ ನಿಲುವು ಬದಲಾಗಿದೆ: 60ರೊಳಗಿನ, ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ಅಡ್ಡಿಗಳಿಲ್ಲದ ಹೆಂಗಸರಿಗೆ ಮೈಬಿಸಿ, ನಿದ್ದೆಗೇಡು ತೀವ್ರವಾಗಿದ್ದರೆ ಅಪಾಯಕ್ಕಿಂತ ಲಾಭ ಹೆಚ್ಚು. ಕೀಲುನೋವೊಂದಕ್ಕೇ ಇದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಆದರೆ ತೆಗೆದುಕೊಂಡ ಕೆಲವರಿಗೆ ಕೀಲುನೋವೂ ತಗ್ಗುತ್ತದೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟರೋನ್ ಬೇಕೇ ಬೇಕು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ, ಪಾರ್ಶ್ವವಾಯು ಆದವರಿಗೆ ಇದು ಹೊಂದುವುದಿಲ್ಲ. ಬೇಕೋ ಬೇಡವೋ ಎಂಬುದನ್ನು ನಿಮ್ಮ ವೈದ್ಯೆಯೊಂದಿಗೆ ಕುಳಿತು ನೀವೇ ತೀರ್ಮಾನಿಸಿ. ಪಕ್ಕದ ಮನೆಯ ಮಾತಿಗೆ ಹೂಂ ಎನ್ನಬೇಡಿ, ಬೇಡವೆಂದೂ ಬಿಡಬೇಡಿ.

ಬಲ ಬರಲು ಸಮಯ ಬೇಕು, ಎರಡು ಮೂರು ತಿಂಗಳು ಬಿಡದೆ ಮಾಡಿ. ಆಮೇಲೂ ವ್ಯತ್ಯಾಸ ಕಾಣದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ವೈದ್ಯರ ಮುಂದೆ ಕುಳಿತಾಗ ಸಿಗುವುದು ಐದು ನಿಮಿಷ, ಆದ್ದರಿಂದ ಚೀಟಿಯಲ್ಲಿ ಬರೆದುಕೊಂಡೇ ಹೋಗಿ: ಕೊನೆಯ ಮುಟ್ಟಿನ ತಾರೀಖು, ಹಿಂದಿನ ಆರು ತಿಂಗಳ ಏರುಪೇರು, ಬೆಳಗಿನ ಬಿಗಿತದ ನಿಮಿಷಗಳು, ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ‘ತುಂಬಾ ನೋವು ಡಾಕ್ಟರೇ’ ಎನ್ನುವ ಬದಲು ನೋವಿನಿಂದಾಗಿ ಯಾವ ಕೆಲಸ ಮಾಡಲಾಗುತ್ತಿಲ್ಲ ಎಂಬುದನ್ನು ಬರೆಯಿರಿ: ಜಡೆ ಹಾಕಿಕೊಳ್ಳಲಾಗುತ್ತಿಲ್ಲ, ಬಿಂದಿಗೆ ಎತ್ತಲಾಗುತ್ತಿಲ್ಲ, ಬಸ್ಸು ಹತ್ತಲಾಗುತ್ತಿಲ್ಲ.